ನಿದ್ದೆಗೆ ಹಾಕಿದ ಶಿಫ್ಟು

ಇದನ್ನು ಬರೆಯಬೇಕು ಎಂದುಕೊಂಡು ಬಹಳ ಕಾಲ ಬರೆಯದೆ ಉಳಿದೆ. ಮೊಮ್ಮಗಳ ಗಾಯ ಮಾಯಲಿ ಎಂದುಕೊಂಡೆ, ಮಾಯಿತು. ಅವಳು ಮತ್ತೆ ಕಾಲೇಜಿಗೆ ಸೇರಲಿ ಎಂದುಕೊಂಡೆ, ಸೇರಿದಳು. ಆಮೇಲೆ ನನ್ನ ಕಣ್ಣಿನ ಪೊರೆ ತೆಗೆಸಿದ್ದು ಒಂದು ನೆಪವಾಯಿತು. ಈಗ ಕಣ್ಣೂ ಸರಿಯಾಗಿದೆ, ನೆಪಗಳೂ ಮುಗಿದಿವೆ. ಹೆಸರುಗಳನ್ನು ಬರೆಯುವುದಿಲ್ಲ. ಹುಡುಗಿಗೆ ಮುಂದೆ ಮದುವೆ ಆಗಬೇಕು. ನಮ್ಮ ಜನ ಕಾಯಿಲೆಯ ಹೆಸರು ಕೇಳಿದರೆ ಜಾತಕ ಮಡಚಿಡುತ್ತಾರೆ.

ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವನು. ಹುಟ್ಟಿದ್ದು ಗುಬ್ಬಿಯಲ್ಲಿ, ಓದಿದ್ದು ಮಠವೊಂದರ ಹಾಸ್ಟೆಲ್ಲಿನಲ್ಲಿ, ದುಡಿದದ್ದು ಹಿರೇಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ. ತುಮಕೂರಿನಲ್ಲಿ ಸಣ್ಣದೊಂದು ಮನೆ ಕಟ್ಟಿಕೊಂಡೆ. ಫ್ಯಾಕ್ಟರಿಯಲ್ಲಿ ವಾರಕ್ಕೊಂದು ಶಿಫ್ಟು. ಒಂದು ವಾರ ಫಸ್ಟು, ಒಂದು ವಾರ ಸೆಕೆಂಡು, ಒಂದು ವಾರ ಥರ್ಡು. ಹಾಗೆ ಮೂವತ್ತಕ್ಕೂ ಹೆಚ್ಚು ವರ್ಷ. ಮಧ್ಯಾಹ್ನದ ಬಿಸಿಲಲ್ಲಿ ಕಿಟಕಿಗೆ ಗೋಣಿ ಕಟ್ಟಿಕೊಂಡು ಮಲಗುತ್ತಿದ್ದೆ. ಥರ್ಡ್ ಶಿಫ್ಟಿನಲ್ಲಿ ಕಣ್ಣು ಎಳೆದರೆ ರೆಪ್ಪೆಯ ಕೆಳಗೆ ನೋವಿನ ಮುಲಾಮು ಸವರಿಕೊಳ್ಳುತ್ತಿದ್ದೆವು. ಉರಿಯಿಂದ ನೀರು ಸುರಿಯುತ್ತಿತ್ತು, ಆದರೆ ಕಣ್ಣು ಮುಚ್ಚುತ್ತಿರಲಿಲ್ಲ. ಪಕ್ಕದ ಪ್ರೆಸ್ ಮಿಷಿನ್ನಿನಲ್ಲಿ ಕೆಲಸ ಮಾಡುತ್ತಿದ್ದವನೊಬ್ಬ ತೂಕಡಿಸಿ ಎರಡು ಬೆರಳು ಕಳೆದುಕೊಂಡ. ಅವನನ್ನು ನೋಡಿ ಬೇರೆಯವರು ಶಿಫ್ಟನ್ನು ಬೈದರು. ನಾನು ಅವನನ್ನೇ ಬೈದೆ. ನಿದ್ದೆ ಎನ್ನುವುದು ಒಂದು ಅಭ್ಯಾಸ ಅಷ್ಟೇ, ಮೈಯನ್ನು ಹೇಗೆ ಬಗ್ಗಿಸಿದರೆ ಹಾಗೆ ಬಗ್ಗುತ್ತದೆ ಎಂದು ನಂಬಿದ್ದೆ. ಈ ನಂಬಿಕೆಯನ್ನೇ ನಿವೃತ್ತಿಯ ದಿನ ಹಾರದ ಜೊತೆ ಮನೆಗೆ ತಂದೆ.

ಮಗಳನ್ನು ಕುಣಿಗಲ್‌ಗೆ ಕೊಟ್ಟಿದ್ದೇವೆ. ಅಳಿಯನಿಗೆ ಅಲ್ಲಿ ಗೊಬ್ಬರ, ಬಿತ್ತನೆ ಬೀಜದ ಅಂಗಡಿ. ಅವರಿಗೆ ಒಬ್ಬಳೇ ಮಗಳು. ಹತ್ತನೇ ತರಗತಿಯಲ್ಲಿ ಒಳ್ಳೆಯ ಅಂಕ ಬಂದಾಗ ಹುಡುಗಿಯನ್ನು ತುಮಕೂರಿನಲ್ಲಿ ಪಿಯುಸಿಗೆ ಸೇರಿಸಿ, ನೀಟ್ ಕೋಚಿಂಗಿಗೂ ಹಾಕುವುದು ಎಂದಾಯಿತು. ಹಾಸ್ಟೆಲ್ಲು ಬೇಡ, ನಮ್ಮ ಮನೆಯಲ್ಲೇ ಇರಲಿ ಎಂದವನು ನಾನು. ಬಸ್ ಸ್ಟ್ಯಾಂಡಿನಲ್ಲಿ ಅವಳ ಬ್ಯಾಗು ಇಳಿಸಿಕೊಳ್ಳುವಾಗ ಮಗಳಿಗೆ ಹೇಳಿದ ಮಾತು ನೆನಪಿದೆ. “ನೀನು ಯೋಚ್ನೆ ಮಾಡ್ಬೇಡ ಕಣಮ್ಮ. ಇವಳನ್ನ ಡಾಕ್ಟ್ರು ಮಾಡಿ ವಾಪಸ್ ಕಳಿಸ್ತೀನಿ.”

ಹುಡುಗಿ ನಗುಮುಖದವಳು. ಬಂದ ಹೊಸದರಲ್ಲಿ ರಾತ್ರಿ ಊಟವಾದ ಕೂಡಲೇ ಅಜ್ಜಿಯ ಪಕ್ಕ ಬಿದ್ದುಕೊಂಡು, ಸಂಜೆ ಹೊತ್ತು ಅವರೂರ ಕೆರೆ ಏರಿ ಮೇಲೆ ಬೀಸುವ ಗಾಳಿಯ ವಿಷಯ ಹೇಳುತ್ತಾ ಹೇಳುತ್ತಾ ಮಾತಿನ ಮಧ್ಯದಲ್ಲೇ ನಿದ್ದೆ ಹೋಗುತ್ತಿದ್ದಳು. ಅದನ್ನು ನೋಡಿ ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಬೇರೆ ಮಕ್ಕಳು ಓದುತ್ತಿರುವಾಗ ಇವಳು ಮಲಗಿದ್ದಾಳೆ ಎನಿಸಿತು.

ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕಾಲೇಜು, ಅಲ್ಲಿಂದ ಕತ್ತಲಾಗುವವರೆಗೆ ಕೋಚಿಂಗು. ಉಳಿದ ಹೊತ್ತು ನನ್ನ ಕೈಗೆ ಬಂತು. ನಾನು ಅದಕ್ಕೆ ಶಿಫ್ಟು ಹಾಕಿದೆ. ಒಂದು ವಾರ ಊಟ ಮಾಡಿ ಮಧ್ಯರಾತ್ರಿ ದಾಟುವವರೆಗೆ ಓದುವುದು. ಮುಂದಿನ ವಾರ ಊಟ ಮಾಡಿದ ಕೂಡಲೇ ಮಲಗಿ ಎರಡು ಗಂಟೆಗೇ ಏಳುವುದು. ಟೆಸ್ಟ್ ಇದ್ದ ವಾರ ನಿದ್ದೆಯನ್ನು ಎರಡು ತುಂಡು ಮಾಡಿ, ಕೋಚಿಂಗಿನಿಂದ ಬಂದ ಕೂಡಲೇ ಒಂದಿಷ್ಟು, ನಡುರಾತ್ರಿ ದಾಟಿ ಒಂದಿಷ್ಟು. ಭಾನುವಾರ ಅವಳು ಸತ್ತ ಹೆಣದಂತೆ ಮಧ್ಯಾಹ್ನದವರೆಗೆ ಮಲಗುತ್ತಿದ್ದಳು. ವಾರದ ಬಾಕಿ ತೀರಿತು ಎಂದು ನಾನು ಅಂದುಕೊಳ್ಳುತ್ತಿದ್ದೆ. ಕಣ್ಣಿನ ಕೆಳಗೆ ಮುಲಾಮು ಸವರಿಕೊಳ್ಳುವುದನ್ನೂ, ಬಕೆಟ್ಟಿನ ತಣ್ಣೀರಲ್ಲಿ ಕಾಲಿಟ್ಟುಕೊಂಡು ಓದುವುದನ್ನೂ ನಾನೇ ಕಲಿಸಿದೆ.

ನನ್ನ ಹೆಂಡತಿಗೆ ಇದು ಮೊದಲಿನಿಂದಲೂ ಹಿಡಿಸಲಿಲ್ಲ. “ಬೆಳೆಯೋ ಮಗು ರೀ. ಅವಳೇನು ನಿಮ್ಮ ಮಿಷಿನ್ನಾ?” ಎಂದಳು.

“ಮಠದಲ್ಲಿ ನಾವು ಬೆಳಗಿನ ಜಾವ ಗಂಟೆ ಹೊಡೆದ್ರೆ ಏಳ್ತಿದ್ವಿ ಕಣೇ. ಏನು ಸತ್ತೋದ್ವಾ?”

“ಮಠದಲ್ಲಿ ಮಲಗೋ ಗಂಟೆನೂ ಹೊಡೀತಿದ್ರು ಅಂತ ನೀವೇ ಹೇಳಿದ್ರಲ್ಲ. ಅದನ್ನ ಯಾಕೆ ಮರೆತ್ರಿ?”

ಉತ್ತರವಿಲ್ಲದಾಗ ಗಂಡಸರು ಏನು ಮಾಡುತ್ತಾರೋ ಅದನ್ನೇ ಮಾಡಿದೆ. “ನಿನಗೇನು ಗೊತ್ತಾಗುತ್ತೆ, ಸುಮ್ನಿರು” ಎಂದೆ. ಮಠದಲ್ಲಿ ರಾತ್ರಿ ಪ್ರಾರ್ಥನೆ ಮುಗಿದು ಊಟವಾದ ಮೇಲೆ ಗಂಟೆ ಹೊಡೆದರೆ ಇಡೀ ಹಾಸ್ಟೆಲ್ಲು ಮಲಗುತ್ತಿತ್ತು. ಎಲ್ಲಾ ದಿನವೂ ಅದೇ ಹೊತ್ತಿಗೆ. ನನ್ನ ಬಾಲ್ಯದ ಎರಡು ಗಂಟೆಗಳಲ್ಲಿ ನಾನು ನೆನಪಿಟ್ಟುಕೊಂಡಿದ್ದು ಒಂದನ್ನು ಮಾತ್ರ.

ಹುಡುಗಿಗೆ ಮೊದಲು ಬಂದದ್ದು ಸಿಡುಕು. ಆಮೇಲೆ ತಲೆನೋವು. ತಿಂಡಿ ಸೇರುತ್ತಿರಲಿಲ್ಲ, ಅವೇಳೆಯಲ್ಲಿ ಚಿಪ್ಸು ತಿನ್ನುತ್ತಿದ್ದಳು. ಮುಟ್ಟು ಹೆಚ್ಚುಕಮ್ಮಿಯಾಗಿದೆ ಎಂದು ಹೆಂಡತಿ ನನಗೆ ಮೆಲ್ಲಗೆ ಹೇಳಿದಾಗ, ಹೆಂಗಸರ ವಿಷಯ ನನಗ್ಯಾಕೆ ಎಂದು ಎದ್ದು ಹೋದೆ. ಟೆಸ್ಟಿನಲ್ಲಿ ಅಂಕ ಏರುವ ಬದಲು ಇಳಿಯಿತು. ಇಳಿದಷ್ಟೂ ನಾನು ಶಿಫ್ಟನ್ನು ಬಿಗಿ ಮಾಡಿದೆ.

ಆಮೇಲೆ ಲೋಟಗಳು ಬೀಳತೊಡಗಿದವು. ಬೆಳಿಗ್ಗೆ ಎದ್ದು ಹಾಲಿನ ಲೋಟ ಹಿಡಿದುಕೊಂಡರೆ ಕೈ ತಟ್ಟನೆ ಎಗರಿ ಲೋಟ ನೆಲಕ್ಕೆ. ಒಂದು ದಿನ ಹಲ್ಲುಜ್ಜುವ ಬ್ರಷ್ಷು, ಒಂದು ದಿನ ಬಾಚಣಿಗೆ. ಸಂಜೆ ಹೊತ್ತು ಹೀಗೆ ಆಗುತ್ತಿರಲಿಲ್ಲ.

“ತಾತ, ಕೈ ತಂತಾನೇ ಎಗರುತ್ತೆ. ಕರೆಂಟ್ ಹೊಡ್ದಂಗಾಗುತ್ತೆ” ಎಂದಳು.

“ಕಣ್ಣಲ್ಲಿರೋ ನಿದ್ದೆ ಎಗರಿಸು. ಕೈ ತಾನೇ ನಿಲ್ಲುತ್ತೆ” ಎಂದೆ. ಅವಳು ನಕ್ಕಳು. ನನ್ನ ಮಾತಿಗೆ ಅವಳು ನಕ್ಕಿದ್ದಕ್ಕೆ ನನಗೆ ಹೆಮ್ಮೆಯಾಯಿತು.

ಹೆಂಡತಿ ಮಾತ್ರ ನಗಲಿಲ್ಲ. “ತಡವಾಗಿ ಮಲಗಿದ ಮಾರನೇ ದಿನಾನೇ ಹಿಂಗಾಗೋದು ರೀ. ಒಂದ್ಸಲ ಡಾಕ್ಟ್ರಿಗೆ ತೋರಿಸಣ” ಎಂದಳು. ನಾನು ಮನೆಗೆ ಇನ್ನೊಂದು ಡಜನ್ ಸ್ಟೀಲ್ ಲೋಟ ತಂದು, “ತಗೋ, ಎಷ್ಟು ಬೇಕಾದ್ರೂ ಬೀಳಿಸ್ಲಿ, ಒಡೆಯಲ್ಲ” ಎಂದೆ.

ಅದೇ ದಿನಗಳಲ್ಲಿ ಗುಬ್ಬಿಯಲ್ಲಿ ನನ್ನ ಅಕ್ಕನ ಮಗ ಮನೆ ಕಟ್ಟಿಸಿ ಗೃಹಪ್ರವೇಶ ಮಾಡಿದ. ಮೂವರೂ ಹೋಗಿದ್ದೆವು. ಹಿಂದಿನ ರಾತ್ರಿ ಹುಡುಗಿ ಓದಿ, ಬೆಳಿಗ್ಗೆ ರೈಲಿಗೆ ಎದ್ದು ಬಂದಿದ್ದಳು. ಪಂಕ್ತಿಯಲ್ಲಿ ಊಟಕ್ಕೆ ಕೂತವಳು ಹೋಳಿಗೆ ಮುರಿದು ಬಾಯಿಗಿಡುವ ಮೊದಲೇ ಕಣ್ಣು ಮುಚ್ಚಿದಳು. ಬೆರಳಲ್ಲಿ ಹೋಳಿಗೆ ಹಾಗೇ ಇತ್ತು. ಬಡಿಸುತ್ತಿದ್ದ ಅಕ್ಕನ ಮಗ ತುಪ್ಪದ ಗಿಂಡಿ ಹಿಡಿದುಕೊಂಡು ನಿಂತುಬಿಟ್ಟ.

“ಏನ್ ಮಾವ, ಮಗು ಎಲೆ ಮುಂದೇನೇ ಧ್ಯಾನಕ್ಕೆ ಕೂತವ್ಳೆ?”

“ಥರ್ಡ್ ಶಿಫ್ಟ್ ಮುಗಿಸ್ಕೊಂಡು ಬಂದವ್ಳೆ ಕಣೋ” ಎಂದೆ. ಸುತ್ತ ಕೂತವರಿಗೆಲ್ಲ ನನ್ನ ಶಿಫ್ಟಿನ ಪದ್ಧತಿಯನ್ನು ವಿವರಿಸಿದೆ.

“ಅಲ್ಲ ಮಾವ, ಓವರ್‌ಟೈಮ್ ಗೀವರ್‌ಟೈಮ್ ಏನಾದ್ರೂ ಕೊಡ್ತೀಯೋ, ಇಲ್ಲ ಬಿಟ್ಟಿ ದುಡಿಸ್ಕೋತೀಯೋ?”

ಪಂಕ್ತಿಯೆಲ್ಲ ನಕ್ಕಿತು. ನಗುವಿಗೆ ಬೆಚ್ಚಿ ಎದ್ದ ಹುಡುಗಿಯ ಕೈ ಎಗರಿ, ಪಾಯಸದ ಬಟ್ಟಲು ಪಕ್ಕದವರ ರೇಷ್ಮೆ ಸೀರೆಯ ಮೇಲೆ ಹೋಯಿತು. ಅವಳು ಕೆಂಪಾಗಿ, ಎಂಜಲ ಕೈಯಲ್ಲೇ ಎದ್ದು ಹೋಗಿ ಹಿಂದಿನ ಉಗ್ರಾಣದಲ್ಲಿ ತೆಂಗಿನಕಾಯಿ ಮೂಟೆಗಳ ಮಧ್ಯೆ ಮಲಗಿಬಿಟ್ಟಳು. ನಾವು ಹೊರಡುವ ಹೊತ್ತಿಗೆ ಹೆಂಡತಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಲ್ಲೇ ಕೂತಿದ್ದಳು. ಹೆಂಡತಿಯೂ ಆವತ್ತು ಊಟ ಮಾಡಿರಲಿಲ್ಲ ಎಂಬುದು ನನಗೆ ಗೊತ್ತಾದದ್ದು ಮನೆಗೆ ಬಂದ ಮೇಲೆ.

ಎರಡನೇ ಪಿಯುಸಿಯಲ್ಲಿ ಒಂದು ಬೆಳಿಗ್ಗೆ ಹುಡುಗಿ ನಡುಮನೆಯಲ್ಲಿ ಬಿದ್ದಳು. ಕೈಕಾಲು ಸೆಟೆದು ಒದ್ದಾಡಿದವು, ಬಾಯಲ್ಲಿ ನೊರೆ ಬಂತು. ಪಕ್ಕದ ಮನೆಯವರು ಓಡಿ ಬಂದು ಕಬ್ಬಿಣದ ಬೀಗದ ಕೈ ಹಿಡಿಸಿದರು. ಹೆಂಡತಿ ಹಣೆಗೆ ವಿಭೂತಿ ಹಚ್ಚಿ ಅವಳನ್ನು ಮಗ್ಗುಲಿಗೆ ಹೊರಳಿಸಿ ಹಿಡಿದುಕೊಂಡಿದ್ದಳು. ಸ್ವಲ್ಪ ಹೊತ್ತಿಗೆ ನಿಂತಿತು. ಕಣ್ಣು ಬಿಟ್ಟ ಹುಡುಗಿಗೆ ಏನೂ ನೆನಪಿರಲಿಲ್ಲ. ತಾನು ಯಾವಾಗ ಎದ್ದೆ, ಹೇಗೆ ನಡುಮನೆಗೆ ಬಂದೆ ಎಂಬುದೂ ಅಳಿಸಿಹೋಗಿತ್ತು.

ಹತ್ತಿರದ ಕ್ಲಿನಿಕ್ಕಿನ ಡಾಕ್ಟರು ನಾಡಿ ನೋಡಿ, ರಕ್ತ ಪರೀಕ್ಷೆಗೆ ಬರೆದು ಕೇಳಿದರು. “ರಾತ್ರಿ ಸರಿಯಾಗಿ ಮಲಗ್ತಾಳಾ? ಈ ಕೋಚಿಂಗ್ ಮಕ್ಕಳು ನಿದ್ದೆನೇ ಮಾಡಲ್ಲ.”

“ಇಲ್ಲ ಡಾಕ್ಟ್ರೇ. ಒಂಬತ್ತೂವರೆಗೆಲ್ಲ ಮಲಗಿಬಿಡ್ತಾಳೆ” ಎಂದೆ.

ಬಾಗಿಲ ಬಳಿ ನಿಂತಿದ್ದ ಹೆಂಡತಿ ಬಾಯಿ ತೆರೆದಳು. ನಾನು ತಿರುಗಿ ನೋಡಿದೆ. ಅವಳು ಮುಚ್ಚಿದಳು. ಹುಡುಗಿ ಮಂಪರಿನಲ್ಲಿ ಬೆಂಚಿನ ಮೇಲೆ ಮಲಗಿದ್ದಳು. ಊಟ ಬಿಟ್ಟು ನಿಶ್ಶಕ್ತಿ ಆಗಿರಬಹುದು, ಇನ್ನೊಂದು ಸಲ ಬಂದರೆ ನರದ ಡಾಕ್ಟರಿಗೆ ತೋರಿಸಲೇಬೇಕು ಎಂದು ಅವರು ಕಳಿಸಿದರು. ನಾನು ಕೊಟ್ಟ ಸುಳ್ಳಿನ ಮೇಲೆ ಅವರು ಹೇಳಬಹುದಾದದ್ದು ಅಷ್ಟೇ. ಯಾಕೆ ಸುಳ್ಳು ಹೇಳಿದೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಗುಬ್ಬಿಯ ಪಂಕ್ತಿಯಲ್ಲಿ ಜಂಬದಿಂದ ಹೇಳಿಕೊಂಡಿದ್ದನ್ನು ಡಾಕ್ಟರ ಮುಂದೆ ತಪ್ಪು ಎಂದು ಒಪ್ಪಲು ನಾಲಿಗೆ ಬರಲಿಲ್ಲ. ಅದಕ್ಕಿಂತ ದೊಡ್ಡ ಕಾರಣ ಸಿಕ್ಕಿಲ್ಲ.

ಕುಣಿಗಲ್‌ಗೆ ಫೋನು ಮಾಡಿ ಮಗಳಿಗೆ “ತಲೆಸುತ್ತು ಬಂದಿತ್ತು, ಈಗ ಹುಷಾರಾಗಿದಾಳೆ” ಎಂದೆ. ಬೆಳಿಗ್ಗೆ ಕೈ ಎಗರುವುದನ್ನು ಹುಡುಗಿಯೇ ಅಮ್ಮನಿಗೆ ಹೇಳಿದ್ದಳು. ಹೆಂಡತಿ ಮನೆಯಲ್ಲಿ ಒಂದು ಕಟ್ಟುಪಾಡು ಮಾಡಿದಳು. ಬೆಳಗಿನ ಹೊತ್ತು ಹುಡುಗಿ ಒಲೆಯ ಹತ್ತಿರ ಬರಕೂಡದು, ಬಿಸಿಯದನ್ನು ಏನನ್ನೂ ಮುಟ್ಟಕೂಡದು. ಸ್ವಲ್ಪ ದಿನ ಅವಳು ಬೇಗ ಮಲಗಿದಳು. ಲೋಟ ಬೀಳುವುದು ನಿಂತೇಹೋಯಿತು. ಅದನ್ನು ನೋಡಿ ನನಗೆ ಬುದ್ಧಿ ಬರಬೇಕಿತ್ತು. ನನಗೆ ಬಂದದ್ದು ಧೈರ್ಯ. ವಾಸಿಯಾದಳು ಎಂದುಕೊಂಡು, ಕಾಲೇಜಿನ ಪೂರ್ವಸಿದ್ಧತಾ ಪರೀಕ್ಷೆ ಹತ್ತಿರ ಬರುತ್ತಲೇ ಮತ್ತೆ ಶಿಫ್ಟು ಹಾಕಿದೆ.

ಇನ್ನು ಆ ಬೆಳಿಗ್ಗೆ. ನಮ್ಮ ಮನೆಗೆ ಸೋಲಾರ್ ಇದೆ, ಮೋಡ ಕವಿದರೆ ನೀರು ಕಾಯುವುದಿಲ್ಲ. ಹೆಂಡತಿ ಹುಡುಗಿಯ ಸ್ನಾನಕ್ಕೆಂದು ದೊಡ್ಡ ಪಾತ್ರೆಯಲ್ಲಿ ನೀರನ್ನು ಒಲೆಯ ಮೇಲಿಟ್ಟಿದ್ದಳು. ನಾನು ಮೈಗೆ ವಿಭೂತಿ ಧರಿಸಿ ಪೂಜೆಗೆ ಕೂತಿದ್ದೆ. ತಟ್ಟೆಯಲ್ಲಿ ಹೂವಿರಲಿಲ್ಲ.

“ಹೂ ಬಿಡಿಸ್ಕೊಂಡು ಬಾರೇ” ಎಂದು ಕೂಗಿದೆ.

“ನೀರು ಕುದೀತಿದೆ. ಇಳಿಸಿಟ್ಟು ಬರ್ತೀನಿ.”

“ಅವಳು ಇಳಿಸ್ಕೋತಾಳೆ, ನೀನು ಹೋಗು.”

“ಬೇಡ ರೀ. ರಾತ್ರಿ ಮಲಗಿಲ್ಲ ಅವಳು. ಬೆಳಗಿನ ಹೊತ್ತು…”

“ಹೋಗು ಅಂದ್ನಲ್ಲ!”

ಅವಳು ಹೋದಳು. ನಮ್ಮ ಮದುವೆಯಾದಂದಿನಿಂದ ನಾನು ಹಾಗೆ ಹೇಳಿದಾಗಲೆಲ್ಲ ಅವಳು ಹೋಗಿದ್ದಾಳೆ. ನಾನು ಹುಡುಗಿಯನ್ನು ಕರೆದೆ. ಮುಲಾಮು ಹಚ್ಚಿ ಕೆಂಪಾದ ಕಣ್ಣಿನಲ್ಲಿ ಬಾಗಿಲಿಗೆ ಒರಗಿ ನಿಂತಳು. “ಇಷ್ಟು ದೊಡ್ಡ ಹುಡುಗಿ, ಒಂದು ಪಾತ್ರೆ ಎತ್ಕೊಂಡು ಹೋಗೋಕಾಗಲ್ವೇ? ಬಿಸಿ ತಗುಲಿದ್ರೆ ನಿದ್ದೆನಾದ್ರೂ ಬಿಡುತ್ತೆ, ಹೋಗು” ಎಂದೆ.

“ಆಯ್ತು ತಾತ” ಎಂದಳು.

ನಾನು ಲಿಂಗವನ್ನು ಅಂಗೈಗೆ ತೆಗೆದುಕೊಂಡು ಹೂವಿಗಾಗಿ ಕಾಯುತ್ತಿದ್ದೆ. ಆಗ ಪಾತ್ರೆ ಬಿದ್ದ ಸದ್ದಾಯಿತು. ಲೋಟದ ಸದ್ದಿಗೆ ನಾನು ಎಷ್ಟು ಒಗ್ಗಿಹೋಗಿದ್ದೆನೆಂದರೆ, ಮೊದಲ ಕ್ಷಣ ಬೈಯಲೆಂದೇ ಬಾಯಿ ತೆರೆದೆ. ಆಮೇಲೆ ಇನ್ನೊಂದು ಸದ್ದು, ಮೈ ನೆಲಕ್ಕೆ ಬಡಿಯುವ ಸದ್ದು. ಅಂಗೈಯಲ್ಲಿ ಲಿಂಗವಿತ್ತು, ಅದನ್ನು ಎಲ್ಲೆಂದರಲ್ಲಿ ಇಡುವಂತಿಲ್ಲ. ವಸ್ತ್ರದಲ್ಲಿ ಸುತ್ತಿ, ಕರಡಿಗೆಯಲ್ಲಿಟ್ಟು, ದಾರ ಕೊರಳಿಗೆ ಹಾಕಿಕೊಂಡು ಎದ್ದೆ. ಅಷ್ಟು ಹೊತ್ತು ಆ ಮಗು ಕುದಿವ ನೀರಿನಲ್ಲಿ ಒದ್ದಾಡುತ್ತಿತ್ತು. ಎಸೆದು ಓಡಿದ್ದರೂ ಶಿವ ಬೇಸರಪಟ್ಟುಕೊಳ್ಳುತ್ತಿರಲಿಲ್ಲ ಎಂದು ಈಗ ಅನ್ನಿಸುತ್ತದೆ.

ನನಗಿಂತ ಮೊದಲು ಹಿತ್ತಲಿನಿಂದ ಹೆಂಡತಿ ಬಂದಿದ್ದಳು. ಬರಿಗಾಲಲ್ಲಿ ಆ ನೀರಿಗೇ ನುಗ್ಗಿ ಹುಡುಗಿಯನ್ನು ಎಳೆದುಕೊಂಡಿದ್ದಳು. ಸೆರಗಿನಲ್ಲಿದ್ದ ಕಣಗಿಲೆ ಹೂವೆಲ್ಲ ಚೆಲ್ಲಿ ಆವಿಯಾಡುವ ನೀರಲ್ಲಿ ತೇಲುತ್ತಿದ್ದವು. ಹುಡುಗಿಯ ಬಲಗೈ ಭುಜದಿಂದ ಮಣಿಕಟ್ಟಿನವರೆಗೆ ಬೆಂದಿತ್ತು. ಕತ್ತಿನ ಒಂದು ಪಕ್ಕವೂ.

ಮಗಳು, ಅಳಿಯ ಕುಣಿಗಲ್‌ನಿಂದ ಆಸ್ಪತ್ರೆಗೆ ಬರುವ ಹೊತ್ತಿಗೆ ಹುಡುಗಿಯನ್ನು ಒಳಗೆ ಕರೆದುಕೊಂಡು ಹೋಗಿದ್ದರು. ವೆರಾಂಡಾದ ಬೆಂಚಿನ ಮೇಲೆ ನಾವಿಬ್ಬರೂ ಕೂತಿದ್ದೆವು. ಮಗಳು ಬಂದವಳೇ ನಮ್ಮಿಬ್ಬರನ್ನೂ ಒಮ್ಮೆ ನೋಡಿದಳು.

“ಕುದಿಯೋ ನೀರನ್ನ ಅವಳ ಕೈಗೆ ಕೊಟ್ಟಿದ್ದು ಯಾರು?”

ನಾನು ಮಾತಾಡಿದೆ. ಯಾರೂ ನನ್ನನ್ನು ಮಾತಾಡು ಎಂದಿರಲಿಲ್ಲ. “ನಿಮ್ಮಮ್ಮ ಒಲೆ ಮೇಲೆ ನೀರಿಟ್ಟು, ಹಂಗೇ ಬಿಟ್ಟು ಹಿತ್ತಲಿಗೆ ಹೋಗಿದ್ಲು. ನಾನು ಪೂಜೆಗೆ ಕೂತಿದ್ದೆ” ಎಂದೆ.

ಅದರಲ್ಲಿ ಒಂದೇ ಒಂದು ಪದವೂ ಸುಳ್ಳಲ್ಲ. ನೀರಿಟ್ಟವಳು ಅವಳೇ. ಬಿಟ್ಟು ಹೋದವಳು ಅವಳೇ. ನಾನು ಪೂಜೆಗೆ ಕೂತಿದ್ದೂ ನಿಜ.

“ಅಮ್ಮಾ! ಬೆಳಗಿನ ಹೊತ್ತು ಅವಳ ಕೈ ಎಗರುತ್ತೆ ಅಂತ ಗೊತ್ತಿದ್ದೂ ಬಿಟ್ಟು ಹೋದ್ಯಾ? ಸ್ವಂತ ಅಜ್ಜಿನಾ ನೀನು? ಥೂ!” ಮಗಳು ವೆರಾಂಡಾದಲ್ಲೇ ಕೂಗಿದಳು. ಅಳಿಯ ಅವಳ ತೋಳು ಹಿಡಿದು ಆಚೆ ಕರೆದೊಯ್ದ.

ಹೆಂಡತಿ ನನ್ನ ಕಡೆ ನೋಡಲಿಲ್ಲ. ತನ್ನ ಪಾದಗಳನ್ನು ನೋಡುತ್ತಾ ಕೂತಳು. ಆಗ ನಾನೂ ನೋಡಿದೆ. ಎರಡೂ ಪಾದದ ಮೇಲೆ ಬೊಬ್ಬೆಗಳು ಎದ್ದಿದ್ದವು. ಇಡೀ ದಿನ ಆ ಆಸ್ಪತ್ರೆಯಲ್ಲಿ ಅವಳ ಕಾಲಿಗೆ ಯಾರೂ ಮುಲಾಮು ಹಚ್ಚಲಿಲ್ಲ. ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ.

ಆಮೇಲೆ ನರದ ಡಾಕ್ಟರು ಹುಡುಗಿಯ ಬಾಯಿಂದಲೇ ಶಿಫ್ಟಿನ ವಿಷಯ ಕೇಳಿ ತಿಳಿದುಕೊಂಡರು. ನಮ್ಮೆಲ್ಲರನ್ನೂ ಕೂರಿಸಿಕೊಂಡು ಹೇಳಿದರು. “ಇದು ಈ ವಯಸ್ಸಲ್ಲಿ ಕಾಣಿಸ್ಕೊಳ್ಳೋ ಒಂದು ಥರದ ಫಿಟ್ಸು. ಕಾಯಿಲೆ ಒಳಗಿತ್ತು, ಕೆಣಕಿದ್ದು ನಿದ್ದೆಗೇಡು. ಬೆಳಿಗ್ಗೆ ಕೈ ಎಗರ್ತಿತ್ತಲ್ಲ, ಅದೇ ಇದರ ಶುರು. ಮಾತ್ರೆ ಎಷ್ಟು ಮುಖ್ಯವೋ ನಿದ್ದೆನೂ ಅಷ್ಟೇ ಮುಖ್ಯ. ದಿನಾ ಒಂದೇ ಹೊತ್ತಿಗೆ ಮಲಗ್ಬೇಕು, ಒಂದೇ ಹೊತ್ತಿಗೆ ಏಳ್ಬೇಕು. ಭಾನುವಾರಾನೂ ಅಷ್ಟೇ.”

ಅಲ್ಲಿಂದ ಹೊರಗೆ ಬಂದಾಗ ಮಗಳು ನನ್ನ ಮೇಲೂ ಸಿಟ್ಟಾದಳು. ಓದಿಸುವ ಆಸೆಗೆ ಅತಿ ಮಾಡಿದೆ ಎಂದು ಅತ್ತಳು. ನಾನೂ ಅತ್ತೆ. ಅವಳು ಕ್ಷಮಿಸಿದಳು. ಆಸೆಗೆ ಮಾಡಿದ ತಪ್ಪನ್ನು ಜನ ಕ್ಷಮಿಸುತ್ತಾರೆ. ಆದರೆ ನೀರಿನ ತಪ್ಪು ನನ್ನ ಮೇಲೆ ಇರಲೇ ಇಲ್ಲವಲ್ಲ. ಬೀಳುವ ಮುಂಚಿನ ಹೊತ್ತೆಲ್ಲ ಹುಡುಗಿಗೆ ಅಳಿಸಿಹೋಗಿದೆ. ಅಡುಗೆಮನೆಗೆ ಅವಳನ್ನು ಕಳಿಸಿದವರು ಯಾರೆಂದು ಗೊತ್ತಿರುವುದು ಇಬ್ಬರಿಗೆ ಮಾತ್ರ.

ಹುಡುಗಿ ಈಗ ಕುಣಿಗಲ್‌ನಲ್ಲೇ ಬಿಕಾಂ ಓದುತ್ತಿದ್ದಾಳೆ. ಬಿಸಿಲಿರಲಿ ಮಳೆಯಿರಲಿ ತುಂಬುತೋಳಿನ ಬಟ್ಟೆ. ಬಲಗೈಯನ್ನು ಪೂರ್ತಿ ಚಾಚಲಾಗುವುದಿಲ್ಲ. ಮಾತ್ರೆ ತಪ್ಪಿಸುವುದಿಲ್ಲ. ಒಂಬತ್ತೂವರೆ ಆದರೆ ಮನೆಯಲ್ಲಿ ನೆಂಟರಿರಲಿ, ಮದುವೆಮನೆಯಿರಲಿ, ಎದ್ದು ಹೋಗಿ ಮಲಗುತ್ತಾಳೆ. ಡಾಕ್ಟರ ಮುಂದೆ ನಾನು ಸುಳ್ಳು ಹೇಳಿದ ಅದೇ ಒಂಬತ್ತೂವರೆ. ಒಮ್ಮೆ ನಾನು ಅವಳ ಬಳಿ ಕೂತು, “ನಿನ್ನ ಬಾಳು ಹಾಳು ಮಾಡಿದೆ ಕಣಮ್ಮ, ತಪ್ಪಾಯ್ತು” ಎಂದೆ. ಅವಳು ಎಡಗೈಯಲ್ಲಿ ನನ್ನ ತಲೆ ಸವರಿ, “ಬಿಡಿ ತಾತ. ಡಾಕ್ಟ್ರಾಗಿದ್ರೆ ನೈಟ್ ಡ್ಯೂಟಿ ಹಾಕೋರು, ಅದೆಲ್ಲ ನಮ್ಮ ಮೈಗೆ ಆಗಲ್ಲ” ಎಂದಳು. ಅವಳ ನಗು ಮೊದಲಿನಂತೆಯೇ ಇದೆ. ನನಗೆ ಅದನ್ನು ನೋಡಲಾಗುವುದಿಲ್ಲ.

ಕಳೆದ ತಿಂಗಳು ಮಗಳ ಮನೆಗೆ ಹೋಗಿದ್ದೆವು. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. ಹೆಂಡತಿ ಅಭ್ಯಾಸಬಲದಿಂದ ಎದ್ದು ಇಕ್ಕಳಕ್ಕೆ ಕೈ ಹಾಕಿದಳು. ಮಗಳು ಓಡಿ ಬಂದು ಅದನ್ನು ಕಿತ್ತುಕೊಂಡಳು.

“ನೀನು ಬಿಡಮ್ಮ. ಈ ಮನೇಲಿ ಒಲೆ ತಂಟೆಗೆ ಬರ್ಬೇಡ ಅಂತ ಎಷ್ಟು ಸಲ ಹೇಳೋದು?”

ಹೆಂಡತಿ ನಡುಮನೆಗೆ ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಖಾಲಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡಳು. ಇಡೀ ಜೀವಮಾನ ಅಡುಗೆ ಮಾಡಿ ಬಡಿಸಿದ ಹೆಂಗಸು ಮಗಳ ಮನೆಯಲ್ಲಿ ಎರಡು ದಿನ ಹಾಗೇ ಕೂತಿದ್ದಳು. ನಾನು ಎದುರಿಗೇ ಪೇಪರು ಹಿಡಿದುಕೊಂಡಿದ್ದೆ. ಒಂದು ಮಾತು ಸಾಕಿತ್ತು. ಮಗಳು ಹತ್ತು ಹೆಜ್ಜೆ ದೂರದಲ್ಲಿದ್ದಳು.

ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಅವಳು, ಪಕ್ಕದಲ್ಲಿ ನಾನು. ಇಲ್ಲಿಯಾದರೂ ಕೇಳಿಬಿಡೋಣ ಎಂದುಕೊಂಡು, “ಏನೇ…” ಎಂದೆ.

“ಏನು?”

ಅವಳು ತಿರುಗಿ ನನ್ನನ್ನು ನೋಡಿದಳು. ಕಾಯುತ್ತಿದ್ದಳು ಎಂದೇ ನನಗೆ ಅನ್ನಿಸಿತು. ಬಹುಶಃ ವೆರಾಂಡಾದ ಆ ದಿನದಿಂದಲೂ ಕಾಯುತ್ತಲೇ ಇದ್ದಳು.

“ಹೆಬ್ಬೂರು ಬಂತು” ಎಂದೆ.

“ಹೂಂ, ಬಂತು” ಎಂದು ಅವಳು ಮತ್ತೆ ಕಿಟಕಿಯ ಕಡೆ ತಿರುಗಿದಳು.

ಹುಡುಗಿಯ ಕ್ಷಮೆ ಕೇಳಿದ್ದೇನೆ, ಮಗಳ ಮುಂದೆ ಅತ್ತಿದ್ದೇನೆ, ಅಳಿಯನ ಕೈ ಹಿಡಿದುಕೊಂಡಿದ್ದೇನೆ. ಅವರೆಲ್ಲ ನನ್ನ ಸಣ್ಣ ತಪ್ಪನ್ನು ಬಲ್ಲವರು. ದೊಡ್ಡದನ್ನು ಬಲ್ಲವಳು ಈ ಹೊತ್ತಿನಲ್ಲಿ ನಮ್ಮ ಅಡುಗೆಮನೆಯಲ್ಲಿ ನನ್ನ ಸ್ನಾನಕ್ಕೆ ನೀರು ಕಾಯಿಸುತ್ತಿದ್ದಾಳೆ. ಇವತ್ತೂ ಮೋಡವಿದೆ. ಅವಳ ಪಾದದ ಕಲೆಗಳು ನಾನು ಕೂತಲ್ಲಿಗೆ ಕಾಣುತ್ತವೆ. ನಾನು ಈವರೆಗೆ ಕ್ಷಮೆ ಕೇಳದೆ ಉಳಿದಿರುವುದು ಅವಳೊಬ್ಬಳನ್ನೇ, ನನ್ನ ಹೆಂಡತಿಯನ್ನು.